ಮಾವ ಕೇಳಿದ ಮದ್ದು

ಕಡಿಯಾಳಿ ದೇವಸ್ಥಾನದ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಅಂಗೈಗೆ ಸ್ಯಾನಿಟೈಸರ್ ಸುರಿದಳು. ಕೊರೊನಾ ಇಳಿಯುತ್ತಿದ್ದ ದಿನಗಳು. ಎಲ್ಲರಂತೆ ಕೈ ಉಜ್ಜಿಕೊಂಡು ಒಳಗೆ ಹೋಗಬೇಕಿತ್ತು, ಆದರೆ ಆ ತಣ್ಣನೆಯ ಸ್ಪಿರಿಟ್ ವಾಸನೆ ಮೂಗಿಗೆ ಏರಿದ್ದೇ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿದ್ದವರು "ಮುಂದೆ ಹೋಗಿ ಅಮ್ಮ, ಎಂತ ನಿಂತದ್ದು?" ಎಂದು ಗೊಣಗಿದರು. ದೇವಿಯ ಮುಂದೆ ಕೈಮುಗಿದು ನಿಂತಾಗಲೂ ಮನಸ್ಸು ಮಣಿಪಾಲದ ಒಂದು ಲ್ಯಾಬಿನಲ್ಲಿತ್ತು. ಕಾಪುವಿನ ಜಗನ್ನಾಥ ಮಾವ ನೆನಪಾದರು. ಎರಡು ಸಾವಿರದ ಐದರ ಮಳೆಗಾಲ ನೆನಪಾಯಿತು.

ಕೊರೊನಾ ಕಾಲದಲ್ಲಿ ಊರಿಗೆ ಊರೇ ನನ್ನ ಹಳೆಯ ಲ್ಯಾಬಿನ ವಾಸನೆ ಹೊಡೆಯುತ್ತಿತ್ತು. ಬ್ಯಾಂಕು, ಬಸ್ಸು, ಮದುವೆ ಮಂಟಪ, ಎಲ್ಲಿ ಹೋದರೂ ಅದೇ. ಉಳಿದವರು ರೋಗ ದೂರ ಇರಲಿ ಎಂದು ಅದನ್ನು ಮೈಗೆ ಹಚ್ಚಿಕೊಳ್ಳುತ್ತಿದ್ದರು. ನಾವು ಹಿಂದೆ ಅದನ್ನು ಹಚ್ಚಿಕೊಳ್ಳುತ್ತಿದ್ದದ್ದು ರೋಗವನ್ನು ಚೆನ್ನಾಗಿ ಸಾಕುವುದಕ್ಕೆ. ತಮಾಷೆಯಲ್ಲ, ನನ್ನ ಪಿಎಚ್‌ಡಿಯ ಅರ್ಧ ಕೆಲಸ ಲಿವರ್ ಕ್ಯಾನ್ಸರನ್ನು ಸಾಕುವುದೇ ಆಗಿತ್ತು.

ಆಗ ನಾನು ಅಲೆವೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಅಪ್ಪ ಅಮ್ಮನ ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರು. ಬೆಳಿಗ್ಗೆ ಬಸ್ಸು ಹಿಡಿದು ಮಣಿಪಾಲಕ್ಕೆ ಬಂದು, ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಬಿಟ್ಟು, ಕೈಗೆ ಸ್ಪಿರಿಟ್ ಹಚ್ಚಿಕೊಂಡು ಒಳಗೆ ಹೋದರೆ ಇನ್‌ಕ್ಯುಬೇಟರಿನೊಳಗೆ ಚಪ್ಪಟೆ ಬಾಟಲಿಗಳಲ್ಲಿ ಕ್ಯಾನ್ಸರ್ ಕೋಶಗಳು ನನಗಾಗಿ ಕಾಯುತ್ತಿದ್ದವು. ಗುಲಾಬಿ ಬಣ್ಣದ ನೀರು ಅವುಗಳ ಊಟ. ಅದು ಹಳದಿಗೆ ತಿರುಗಿತು ಎಂದರೆ ಹಸಿವಾಗಿದೆ ಎಂದು ಅರ್ಥ. ಭಾನುವಾರ ಇಲ್ಲ, ಹಬ್ಬ ಇಲ್ಲ. ದನ ಕಟ್ಟಿದ ಮನೆಯಲ್ಲಿ ಹುಟ್ಟಿದ ನಾನು ಹಟ್ಟಿ ಕೆಲಸದಿಂದ ತಪ್ಪಿಸಿಕೊಳ್ಳಲು ಓದಿದವಳು. ಕೊನೆಗೆ ಅದಕ್ಕಿಂತ ದೊಡ್ಡ ಹಟ್ಟಿಗೇ ಬಂದು ಸೇರಿದ್ದೆ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಕಲ್ಲು ಕೊಯ್ಯುವ ಯಂತ್ರ ಶುರುವಾದರೆ ಮೈಕ್ರೋಸ್ಕೋಪು ನಡುಗುತ್ತಿತ್ತು. ಗಾಳಿಮಳೆಗೆ ಕರೆಂಟು ಹೋದಾಗ ಜನರೇಟರ್ ನೋಡಿಕೊಳ್ಳುತ್ತಿದ್ದ ಬಾಗಲಕೋಟೆ ಕಡೆಯ ಬಸಪ್ಪ ಕಿಟಕಿಗೆ ಬಂದು, "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ, ಈಗ ಹಚ್ಚತೀನಿ" ಎನ್ನುತ್ತಿದ್ದ. ಅವನು ಹಚ್ಚುವವರೆಗೆ ನನಗೆ ಉಸಿರು ಇರುತ್ತಿರಲಿಲ್ಲ.

ನಮ್ಮ ಕೆಲಸವನ್ನು ಸರಳವಾಗಿ ಹೇಳಬಹುದು. ಮೈಯ ಒಂದೊಂದು ಜೀವಕೋಶದೊಳಗೂ ತನ್ನನ್ನು ತಾನೇ ಮುಗಿಸಿಕೊಳ್ಳುವ ಒಂದು ಏರ್ಪಾಡು ಇದೆ. ಕೆಟ್ಟುಹೋದ ಕೋಶ ಸುತ್ತಲಿನವರಿಗೆ ಉಪದ್ರ ಕೊಡದೆ ಸದ್ದಿಲ್ಲದೆ ಹೊರಟುಹೋಗಲಿ ಎಂದು. ಕ್ಯಾನ್ಸರ್ ಕೋಶಕ್ಕೆ ಈ ಮರ್ಯಾದೆ ಇಲ್ಲ, ಅದು ಹೊರಡುವುದೇ ಇಲ್ಲ. ಆದರೆ ಅದರ ಹೊರಮೈಯಲ್ಲಿ ಈ ಏರ್ಪಾಡನ್ನು ಚಾಲೂ ಮಾಡುವ ಗುಬ್ಬಿಗಳು, ಅಂದರೆ ಸ್ವಿಚ್ಚಿನ ಗುಂಡಿಯಂಥವು, ಇನ್ನೂ ಉಳಿದಿರುತ್ತವೆ. ಸರಿಯಾದ ಆಂಟಿಬಾಡಿ ಬಂದು ಆ ಗುಬ್ಬಿಯನ್ನು ಹಿಡಿದು ಒತ್ತಿದರೆ ಕೋಶ ಒಳಗಿನಿಂದಲೇ ಕುಸಿಯುತ್ತದೆ. ಅಂಥ ಆಂಟಿಬಾಡಿಗಳನ್ನು ನಾವು ಇಲಿಯ ಕೋಶಗಳಿಂದ ತಯಾರಿಸುತ್ತಿದ್ದೆವು. ಎಷ್ಟೋ ಕೈಕೊಟ್ಟವು. ಹದಿನೇಳು ಎಂಬ ಹೆಸರಿನದು ಮಾತ್ರ ನಾನು ಸಾಕಿದ ಕ್ಯಾನ್ಸರನ್ನು ಒಂದೇ ದಿನದಲ್ಲಿ ಉಪ್ಪು ಬಿದ್ದ ಬಸವನಹುಳುವಿನಂತೆ ಮಾಡಿಬಿಡುತ್ತಿತ್ತು. ನಮ್ಮ ಗೈಡ್ ರಾಜಲಕ್ಷ್ಮಿ ಮೇಡಂ ಹೆಚ್ಚು ನಗುವವರಲ್ಲ, ಅದನ್ನು ನೋಡಿ ಅವರೂ ನಕ್ಕಿದ್ದರು.

ಜಗನ್ನಾಥ ಮಾವ ನನ್ನ ಅಮ್ಮನ ತಮ್ಮ. ನಮ್ಮಲ್ಲಿ ತಾಯಿಯ ತಮ್ಮನೆಂದರೆ ಅಪ್ಪನಿಗಿಂತ ಒಂದು ತೂಕ ಹೆಚ್ಚು. ಅದೂ ಮಕ್ಕಳಿಲ್ಲದ ಮಾವ. ಗಲ್ಫಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಒಮ್ಮೆ ರಜೆಯಲ್ಲಿ ಬಂದವರು ವೀಸಾದ ಮೆಡಿಕಲ್ ಪರೀಕ್ಷೆಯಲ್ಲಿ ಫೇಲಾದರು. ರಕ್ತದಲ್ಲಿ ಹೆಪಟೈಟಿಸ್ ಬಿ. ಅಲ್ಲಿಗೆ ಗಲ್ಫ್ ಮುಗಿಯಿತು. ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿ, ಹೆಂಡತಿ ವಾರಿಜತ್ತೆಯ ತವರಿನ ಜಾಗದಲ್ಲಿ ಕಟ್ಟಿದ ಮನೆಯಲ್ಲಿ ಇದ್ದುಬಿಟ್ಟರು. ಮೈಗೆ ಏನೂ ಆಗದ ಕಾರಣ ಆ ವೈರಸ್ಸನ್ನು ಅವರು ವೀಸಾದವರ ಒಂದು ಕಿರಿಕಿರಿ ಎಂದೇ ತಿಳಿದಿದ್ದರು. ನಾನು ವಿಜ್ಞಾನ ಓದಬೇಕೆಂದು ಹಟ ಹಿಡಿದದ್ದು, ಅಪ್ಪನೊಡನೆ ಜಗಳವಾಡಿ ಕಾಲೇಜಿಗೆ ಸೇರಿಸಿದ್ದು ಅವರೇ.

ಆ ವರ್ಷ ಮಳೆ ಹಿಡಿಯುವ ಮುಂಚೆ ಅವರಿಗೆ ಊಟ ಸೇರದಾಯಿತು. ಪಕ್ಕೆಯಲ್ಲಿ ಭಾರ. ಸ್ಕ್ಯಾನಿಂಗಿನಲ್ಲಿ ಲಿವರಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಊರಿನವರಿಗೆ ಅತ್ತೆ "ಕಾಮಾಲೆ" ಎಂದರು, ಕಾಪುವಿನಲ್ಲಿ ಯಾರೂ ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮಾವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಆಪರೇಷನ್ ಮಾಡಿ ತೆಗೆಯಬಹುದು ಎಂದು ವೈದ್ಯರು ಹೇಳಿದರು. ಅಡ್ಮಿಟ್ ಆಗುವ ಮೊದಲು ಒಂದು ಮಧ್ಯಾಹ್ನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಲ್ಯಾಬಿಗೆ ಬಂದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮೂರಿನ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಮೈಕ್ರೋಸ್ಕೋಪಿನೊಳಗೆ ಕಣ್ಣಿಟ್ಟು, "ಇದು ನನ್ನದಾ?" ಎಂದು ಕೇಳಿದರು.

"ಅಲ್ಲ ಮಾವ. ಬೇರೆ ದೇಶದ ಯಾರದ್ದೋ. ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತು."

"ಮನುಷ್ಯ ಹೋದ, ರೋಗ ಕೂತುಕೊಂಡು ಊಟ ಮಾಡ್ತಾ ಉಂಟು, ಅಲ್ವಾ? ನೀನು ಬಡಿಸ್ತಾ ಇದ್ದೀ."

ಆಮೇಲೆ ಹದಿನೇಳನ್ನು ಹಾಕಿದ ತಟ್ಟೆಯನ್ನು ತೋರಿಸಿದೆ. ಕೋಶಗಳ ಮೈಯೆಲ್ಲ ಗುಳ್ಳೆ ಎದ್ದು, ಕುಗ್ಗಿ, ತಳ ಬಿಟ್ಟು ತೇಲುತ್ತಿದ್ದವು. ಮಾವ ತುಂಬ ಹೊತ್ತು ನೋಡಿದರು.

"ಗಂಜಿ ಕುದಿದ ಹಾಗೆ ಕಾಣ್ತದೆ."

"ಸಾಯ್ತಾ ಇವೆ ಮಾವ. ಟ್ರಿಪ್ ಆದ ಹಾಗೆ. ಹೊರಗಿನಿಂದ ಒಂದು ಸ್ವಿಚ್ಚು ಒತ್ತಿದ್ದು."

ಮಾವ ತಲೆ ಎತ್ತಿದರು. ಅವರ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. "ಹಾಗಾದರೆ ಉಂಟಲ್ಲ ಮಾರಾಯ್ತಿ ಮದ್ದು!"

ಇದು ಮದ್ದಲ್ಲ, ತಟ್ಟೆಯಲ್ಲಿ ನಡೆಯುವ ಪ್ರಯೋಗ, ಇಲಿಯ ಆಂಟಿಬಾಡಿಯನ್ನು ಮನುಷ್ಯನಿಗೆ ಕೊಟ್ಟರೆ ಮೈ ತಿರುಗಿಬೀಳುತ್ತದೆ, ಮನುಷ್ಯನ ತನಕ ಬರಲು ಎಷ್ಟೋ ವರ್ಷ ಬೇಕು ಎಂದೆಲ್ಲ ಹೇಳಿದೆ. ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದಾಗ ನಾವು ತಲೆಯಾಡಿಸುತ್ತೇವಲ್ಲ, ಹಾಗೆ ತಲೆಯಾಡಿಸಿದರು. ಹೊರಡುವಾಗ ಅವರೇ ಕೇಳಿದರು. "ನನ್ನ ಹೊಟ್ಟೆಯಿಂದ ತೆಗೆಯುವುದನ್ನು ಹೇಗೂ ಬಿಸಾಡುವುದಲ್ವಾ? ಅದಕ್ಕೂ ಇದನ್ನು ಹಾಕಿ ನೋಡು."

ಆಪರೇಷನ್ನಿನಲ್ಲಿ ತೆಗೆದ ಲಿವರಿನ ತುಂಡುಗಳನ್ನು ರೋಗಿಯ ಒಪ್ಪಿಗೆ ಪಡೆದು ಪರೀಕ್ಷೆಗೆ ತರುವ ಏರ್ಪಾಡು ನಮ್ಮಲ್ಲಿ ಆಗಷ್ಟೇ ಆಗಿತ್ತು. ಗಡ್ಡೆಯ ತುಂಡು ಒಂದು, ಅದರ ಅಂಚಿನ ಒಳ್ಳೆಯ ಲಿವರಿನ ತುಂಡು ಇನ್ನೊಂದು. ನಮ್ಮವರದ್ದನ್ನು ನಾವೇ ಪರೀಕ್ಷಿಸುವುದು ಬೇಡ ಎಂದು ಮೇಡಂ ಖಡಾಖಂಡಿತ ಹೇಳಿದರು. ಮಾವ ಬಿಡಬೇಕಲ್ಲ. ಅವರ ಕೋಣೆಗೇ ಹೋಗಿ ನಿಂತು, "ಮೇಡಂ, ನನ್ನ ವಯರಿಂಗನ್ನು ನಮ್ಮ ಹುಡುಗಿಯೇ ನೋಡಲಿ. ಅವಳು ನೋಡಿದರೆ ನನಗೆ ಧೈರ್ಯ" ಎಂದರು. ಕೊನೆಗೆ ಮೇಡಂ ಒಂದು ದಾರಿ ಹುಡುಕಿದರು. ತುಂಡುಗಳಿಗೆ ಹೆಸರು ಇರುವುದಿಲ್ಲ, ಗುರುತಿನ ಅಕ್ಷರ ಮಾತ್ರ. ನಾನು ಸಾಕುವುದು, ಫಲಿತಾಂಶ ಓದುವುದು ಇನ್ನೊಬ್ಬ ವಿದ್ಯಾರ್ಥಿ. ಆದರೆ ಆ ತಿಂಗಳು ಅಂಥ ಆಪರೇಷನ್ ಬೇರೆ ಯಾರಿಗೂ ಆಗಲಿಲ್ಲ. ಡಬ್ಬಿ ಬಂದಾಗ ಅದರೊಳಗೆ ಇದ್ದವರು ಯಾರೆಂದು ನನ್ನ ಕೈಗೆ ಗೊತ್ತಿತ್ತು.

ಆಪರೇಷನ್ನಿನ ದಿನ ಮಳೆ ಹೊಡೆದ ಹೊಡೆತಕ್ಕೆ ಆಸ್ಪತ್ರೆಯ ವರಾಂಡವೆಲ್ಲ ಒದ್ದೆ. ವೈದ್ಯರು ಹೊರಗೆ ಬಂದು ಅತ್ತೆಗೆ, ಅಮ್ಮನಿಗೆ, ನನಗೆ ಒಟ್ಟಿಗೆ ಹೇಳಿದರು: ದೊಡ್ಡ ಗಡ್ಡೆ ತೆಗೆದಿದ್ದೇವೆ, ಆದರೆ ಎಡಭಾಗದಲ್ಲಿ ಚಿಕ್ಕಚಿಕ್ಕವು ಕಂಡವು, ಸ್ಕ್ಯಾನಿಂಗಿನಲ್ಲಿ ಕಂಡಿರಲಿಲ್ಲ, ಅವನ್ನು ತೆಗೆಯಲು ಹೋದರೆ ಲಿವರೇ ಉಳಿಯುವುದಿಲ್ಲ. ಅತ್ತೆ ಅಳಲಿಲ್ಲ. ನನ್ನ ರಟ್ಟೆ ಹಿಡಿದುಕೊಂಡು ಅಮ್ಮನಿಗೆ ಹೇಳಿದರು, "ಪರವಾಗಿಲ್ಲ. ಶೈಲುವಿನ ಹತ್ತಿರ ಮದ್ದು ಉಂಟಲ್ಲ." ಮಾವ ಮನೆಗೆ ಹೋಗಿ ಆ ಗಂಜಿ ಕುದಿದ ಕಥೆಯನ್ನು ಬಣ್ಣ ಕಟ್ಟಿ ಹೇಳಿದ್ದರು ಎಂದು ಆಗ ತಿಳಿಯಿತು.

ಮಾವನ ಲಿವರಿನ ತುಂಡುಗಳನ್ನು ವೀಳ್ಯದೆಲೆಗಿಂತ ತೆಳ್ಳಗೆ ಕೊಯ್ದು ಗುಲಾಬಿ ನೀರಿನಲ್ಲಿ ಇಟ್ಟೆ. ಒಂದಿಷ್ಟಕ್ಕೆ ಹದಿನೇಳು, ಒಂದಿಷ್ಟಕ್ಕೆ ಏನೂ ಇಲ್ಲ. ಮರುದಿನ ಗಡ್ಡೆಯ ತುಂಡು ಸತ್ತಿತ್ತು. ಚೆನ್ನಾಗಿ, ಪೂರ್ತಿಯಾಗಿ ಸತ್ತಿತ್ತು. ಅದನ್ನು ಓದಿದ ಹುಡುಗ ಓಡಿಬಂದು ಹೇಳಿದಾಗ ನಾನು ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಗೋಳಿಬಜೆ ಕೊಡಿಸಿದೆ. ಸಂಜೆಯ ಹೊತ್ತಿಗೆ ಒಳ್ಳೆಯ ಲಿವರಿನ ಲೆಕ್ಕ ಬಂತು. ಅದೂ ಸತ್ತಿತ್ತು. ಕೋಶಗಳು ಒಡೆದು ಒಳಗಿನದ್ದೆಲ್ಲ ನೀರಿಗೆ ಸೋರಿತ್ತು. ಹದಿನೇಳನ್ನು ಹಾಕದ ತುಂಡು ಮಾತ್ರ ಆರೋಗ್ಯವಾಗಿ ಕುಳಿತಿತ್ತು. ಉಳಿದ ತುಂಡುಗಳಲ್ಲಿ ಇನ್ನೊಮ್ಮೆ ಮಾಡಿದೆವು. ಅದೇ ಆಯಿತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಒಂದು ಲಿವರಿನಿಂದ ಏನನ್ನೂ ಹೇಳಲಿಕ್ಕೆ ಬರುವುದಿಲ್ಲ ಶೈಲಾ. ವೈರಸ್ ತಿಂದು ಜರ್ಜರಿತವಾದ ಲಿವರ್ ಅದು. ಆ ಗುಬ್ಬಿಗಳು ಅದರ ಮೇಲೆ ಹೆಚ್ಚಾಗಿ ಎದ್ದಿರಬಹುದು."

"ಈ ರೋಗ ಬರುವುದೇ ಅಂಥ ಲಿವರಿಗೆ ಅಲ್ವಾ ಮೇಡಂ?" ಎಂದೆ.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಇನ್ನೊಂದು ಲಿವರ್ ಬರುವವರೆಗೆ ಕಾಯೋಣ ಎಂದರು. ಅಂದರೆ ಇನ್ನೊಂದು ಮನೆಯವರು ವರಾಂಡದಲ್ಲಿ ನಿಲ್ಲುವವರೆಗೆ.

ನಾನು ಕುಕ್ಕುಂದೂರಿಗೆ ಹೋಗಿ ಅಮ್ಮನಿಗೆ ಹೇಳಲು ನೋಡಿದೆ. ಅಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. "ಕೊಲ್ಲುತ್ತದೆ ಕೊಲ್ಲುತ್ತದೆ ಅಂತ ನೀನೇ ಹೇಳ್ತಿದ್ದೆಯಲ್ಲ. ಈಗ ನನ್ನ ತಮ್ಮನಿಗೆ ಅಂತ ಬಂದಾಗ ಇಲ್ಲದ ಕಾನೂನು. ಅವನು ಇಲ್ಲದಿದ್ದರೆ ನೀನು ಇಲ್ಲಿ ಕೂತು ಬೀಡಿ ಕಟ್ಟಬೇಕಿತ್ತು, ನೆನಪುಂಟಾ?" ಎಂದರು. ನೆನಪಿತ್ತು. ಅದು ಮರೆಯುವ ವಿಷಯವಲ್ಲ, ಅದನ್ನೇ ಎತ್ತಿ ಹೇಳಿದ್ದಕ್ಕೆ ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಊಟ ಮಾಡದೆ ಬಸ್ಸು ಹತ್ತಿದೆ.

ಆಟಿ ಅಮಾವಾಸ್ಯೆಯ ದಿನ ಕಾಪುವಿಗೆ ಹೋದೆ. ಆಟಿ ಎಂದರೆ ನಮ್ಮ ಕಡೆ ಮಳೆಯೂ ಕಾಯಿಲೆಯೂ ಒಟ್ಟಿಗೆ ಸುರಿಯುವ ತಿಂಗಳು. ಆ ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುವುದು ಕ್ರಮ. ಕಹಿಯೆಂದರೆ ಅಂಥಿಂಥ ಕಹಿಯಲ್ಲ. ಕತ್ತಲಲ್ಲಿ ಮರ ತಪ್ಪಬಾರದು ಎಂದು ತಿಳಿದವರು ಹಿಂದಿನ ಸಂಜೆಯೇ ಹೋಗಿ ಬಳ್ಳಿ ಕಟ್ಟಿ ಗುರುತು ಮಾಡಿ ಬರುತ್ತಾರೆ. ಏಕೆಂದರೆ ಕಾಡಿನಲ್ಲಿ ಕಾಸರಕದ ಮರವೂ ಇರುತ್ತದೆ. ಅದರ ತೊಗಟೆಯೂ ಕಹಿಯೇ, ಆದರೆ ವಿಷ. ಮರ ತಪ್ಪಿ, ಮದ್ದೆಂದು ಕುಡಿದು ಸತ್ತವರ ಸುದ್ದಿ ನಮ್ಮ ಕಡೆ ಆಗೊಮ್ಮೆ ಈಗೊಮ್ಮೆ ಕೇಳಿಬರುವುದುಂಟು.

ಪ್ರತಿವರ್ಷ ಆ ಓಣಿಯ ಮನೆಗಳಿಗೆಲ್ಲ ತೊಗಟೆ ತರುತ್ತಿದ್ದವರು ಜಗನ್ನಾಥ ಮಾವ. ಆ ವರ್ಷ ಪಕ್ಕದ ಮನೆಯವರು ತಂದಿದ್ದರು. ಅತ್ತೆ ಒಲೆಯಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಕಷಾಯಕ್ಕೆ ಹಾಕಿದಾಗ ಚೊಯ್ಯೆಂದು ಮನೆಯೆಲ್ಲ ಬೆಳ್ಳುಳ್ಳಿ, ಓಮದ ಪರಿಮಳ ಎದ್ದಿತು. ವೈದ್ಯರು ಬೇಡ ಎಂದಿದ್ದರಿಂದ ಮಾವನಿಗೆ ಕಷಾಯ ಇಲ್ಲ. ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತು, ನಾನು ಮುಖ ಸಿಂಡರಿಸಿ ಕುಡಿಯುವುದನ್ನು ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

"ನೋಡಿದೆಯಾ? ನನ್ನವು ಸತ್ತವಾ?"

"ಸತ್ತವು ಮಾವ."

"ಮತ್ತೆಂತಕ್ಕೆ ಈ ಮುಖ?"

"ಒಳ್ಳೆಯದೂ ಸತ್ತಿತು. ಎರಡರ ಮೇಲೂ ಅದೇ ಗುಬ್ಬಿ ಉಂಟು. ಹದಿನೇಳಕ್ಕೆ ಯಾವುದು ಒಳ್ಳೆಯದೆಂದು ಗೊತ್ತಾಗಲಿಲ್ಲ."

ಮಾವ ಮಳೆ ನೋಡಿದರು. ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ನೀರು ಎರಚುತ್ತ ಹೋಯಿತು. "ಗುರುತು ಕಟ್ಟಿದ ಮರವೇ ಕಾಸರಕ ಅಂತ ಆಯ್ತು," ಎಂದರು. ನಾನು ಹೌದೆಂದೆ. ಅರ್ಥ ಮಾಡಿಕೊಂಡರಲ್ಲ, ಇನ್ನು ಕೇಳುವುದಿಲ್ಲ ಎಂದುಕೊಂಡೆ.

"ಆದರೂ ಕೊಡು," ಎಂದರು ಮಾವ.

ನಾನು ಅವರ ಮುಖವನ್ನೇ ನೋಡಿದೆ.

"ತಮಾಷೆಗೆ ಹೇಳುವುದಲ್ಲ. ಲಿವರ್ ಮತ್ತೆ ಬೆಳೆಯುತ್ತದೆ ಅಂತ ಡಾಕ್ಟ್ರೇ ಹೇಳಿದ್ದು. ಎರಡೂ ಸಾಯಲಿ. ಸ್ವಲ್ಪ ಒಳ್ಳೆಯದು ಎಲ್ಲಾದರೂ ಉಳಿದರೆ ಅದು ಬೆಳೆಯಲಿ. ಇದು ಬಿಟ್ಟರೆ ಬೇರೆ ಎಂತ ಉಂಟು ಹೇಳು? ಅವರ ಹತ್ತಿರ ಒಂದೂ ಇಲ್ಲ."

"ಬೆಳೆಯಲಿಕ್ಕೆ ಏನಾದರೂ ಉಳಿಯಬೇಕಲ್ಲ ಮಾವ. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ."

"ತಟ್ಟೆ ನಾನಲ್ಲ."

ನಮ್ಮ ವಿಜ್ಞಾನದಲ್ಲೂ ಈ ಮಾತಿಗೆ ಸುಲಭದ ಉತ್ತರ ಇಲ್ಲ. ಕೊಡುವುದಿಲ್ಲ ಎಂದೆ. ಅದೊಂದೇ ಮಾತು. ಒಳಗಿನಿಂದ ಅತ್ತೆ ಮೆಂತೆಗಂಜಿಯ ಬಟ್ಟಲು ತಂದಿಟ್ಟು, "ಎಂತ ಗುಸುಗುಸು ಮಾವ ಸೊಸೆಗೆ?" ಎಂದರು. ಮಾವ "ಅವಳ ಮದುವೆ ವಿಷಯ" ಎಂದುಬಿಟ್ಟರು.

ಆ ದಿನಗಳಲ್ಲಿ ಲ್ಯಾಬಿನ ಫ್ರಿಜ್ಜಿನ ಬಾಗಿಲು ತೆರೆಯುವುದೆಂದರೆ ನನಗೆ ಹೆದರಿಕೆ. ಹದಿನೇಳರ ಸೀಸೆಗಳು ಬೆರಳಿನ ತುದಿಯಷ್ಟು ದೊಡ್ಡವು, ಮೇಲಿನ ಅರೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಅದೆಲ್ಲವನ್ನೂ ಒಟ್ಟು ಸೇರಿಸಿದರೂ ಒಬ್ಬ ಮನುಷ್ಯನಿಗೆ ಎಲ್ಲಿಗೂ ಸಾಲದು. ಸಾಲುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೇನೆ ಎಂದು ಒಂದು ದಿನ ಅರಿವಾದಾಗ ನನಗೇ ನಾಚಿಕೆಯಾಯಿತು. ತಿಳಿದವಳು ನಾನು. ಅಮ್ಮನಿಗೂ ಅತ್ತೆಗೂ ಅರ್ಥವಾಗುವುದಿಲ್ಲ ಎಂದು ಗೊಣಗುತ್ತಿದ್ದವಳು ನಾನು. ಆದರೂ ಬಾಗಿಲು ತೆರೆದು ತಣ್ಣನೆಯ ಗಾಳಿಯಲ್ಲಿ ಅವುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಮೇಡಂ ಒಮ್ಮೆ ನೋಡಿದರು. ಹತ್ತಿರ ಬಂದು ಬಾಗಿಲು ಮುಚ್ಚಿದರು.

ಅಷ್ಟಮಿ ಕಳೆಯಿತು, ಚೌತಿ ಕಳೆಯಿತು. ಮಾವನ ಹೊಟ್ಟೆಯಲ್ಲಿ ನೀರು ತುಂಬಿತು. ನವರಾತ್ರಿಗೆ ಸ್ವಲ್ಪ ಮುಂಚೆ ಇನ್ನೊಂದು ಲಿವರ್ ಬಂತು, ಯಾರದ್ದೆಂದು ನನಗೆ ಗೊತ್ತಿಲ್ಲ. ಅದರಲ್ಲಿ ಹದಿನೇಳು ಗಡ್ಡೆಯನ್ನು ಕೊಂದು ಒಳ್ಳೆಯದನ್ನು ಮುಟ್ಟದೆ ಬಿಟ್ಟಿತು. ಲ್ಯಾಬಿನಲ್ಲಿ ಎಲ್ಲರೂ ಖುಷಿಪಟ್ಟರು. ಮೇಡಂ ಮಾತ್ರ ನನ್ನ ಹೆಗಲ ಮೇಲೆ ಕೈ ಇಟ್ಟು, "ಖುಷಿಪಡಬೇಕು ಅಂತ ಒತ್ತಾಯ ಇಲ್ಲ" ಎಂದರು. ಆ ಒಂದು ಮಾತಿಗಾಗಿ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ.

ಮುಂದಿನ ಸಲ ಕಾಪುವಿಗೆ ಹೋದಾಗ ಮಾವ ಒಳಕೋಣೆಯಲ್ಲಿ ಮಲಗಿದ್ದರು. ಕಣ್ಣು, ಅಂಗೈ ಎಲ್ಲ ಅರಿಶಿನ. ತುರಿಕೆಗೆ ಮೈ ಗೀರಿಕೊಂಡು ತೋಳಿನ ಮೇಲೆಲ್ಲ ಗೆರೆ. ಹಣೆಗೆ ಅತ್ತೆ ಮಾರಿಗುಡಿಯ ಪ್ರಸಾದ ಹಚ್ಚಿದ್ದರು. ಅತ್ತೆ ಬಾವಿಯ ಹತ್ತಿರ ಇದ್ದ ಹೊತ್ತು ನೋಡಿ ಮಾವ ಕೇಳಿದರು.

"ಬೇರೆಯವರದ್ದು ಬಂತಾ?"

ಸುಳ್ಳು ಹೇಳಬಹುದಿತ್ತು. ಮಾವನಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಬಂತು. ಅವರ ಒಳ್ಳೆಯ ಲಿವರಿಗೆ ಏನೂ ಆಗಲಿಲ್ಲ."

"ಹಾಗಾದರೆ ಅವನಿಗೆ ಮದ್ದು, ನನಗೆ ವಿಷ." ನಗಲು ನೋಡಿದರು, ಕೆಮ್ಮು ಬಂತು. ಆಮೇಲೆ ಹಾಸಿಗೆಯ ಮೇಲಿನಿಂದಲೇ ಎಡಗೈಯನ್ನು ನನ್ನ ಕಡೆಗೆ ಚಾಚಿದರು. ಅಂಗೈ ಮೇಲೆ, ಮೊಣಕೈಯ ಮಡಿಕೆ ಮೇಲೆ. ರಕ್ತ ತೆಗೆದು ತೆಗೆದು ನೀಲಿಗಟ್ಟಿದ ಜಾಗ. "ಕೈ ಇಲ್ಲಿ ಉಂಟು, ಶೈಲು. ಇನ್ನೊಮ್ಮೆ ಕೇಳುವುದಿಲ್ಲ. ನನಗೆ ಬದುಕಬೇಕು ಮಾರಾಯ್ತಿ."

ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಆಗುವುದಿಲ್ಲ ಮಾವ" ಎಂದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಮೊದಲೂ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಅವರು ಗೋಡೆಯ ಕಡೆ ತಿರುಗಿದರು. ನಾನು ಕೈ ಬಿಡಲಿಲ್ಲ, ಅವರೂ ಎಳೆದುಕೊಳ್ಳಲಿಲ್ಲ. ಅಂಗಳದಲ್ಲಿ ಕೊಡಪಾನ ಇಟ್ಟ ಸದ್ದಾಯಿತು. ಗೋಡೆಗೆ ಮುಖ ಮಾಡಿಯೇ ಮಾವ ಹೇಳಿದರು, "ವಾರಿಜಳಿಗೆ ನಾನು ಹೇಳಿಕೊಳ್ತೇನೆ. ನೀನು ಎಂತದ್ದೂ ಹೇಳುವುದು ಬೇಡ."

ದೀಪಾವಳಿಗೆ ಕೆಲವೇ ದಿನಗಳಿರುವಾಗ ಮಾವ ಹೋದರು. ಮಳೆ ಪೂರ್ತಿ ಬಿಟ್ಟಿತ್ತು. ಕಾಪುವಿನ ಮನೆಗಳ ಮಾಡಿನ ಮೇಲೆ ಪಾಚಿ ಒಣಗುತ್ತಿತ್ತು. ಲ್ಯಾಬಿಗೆ ಬಂದ ಫೋನನ್ನು ತೆಗೆದದ್ದು ಮೇಡಂ. ನನ್ನ ಬಾಟಲಿಗಳಿಗೆ ಆ ವಾರ ಅವರೇ ಊಟ ಹಾಕಿದರು.

ಬೊಜ್ಜದ ದಿನ, ಅಂದರೆ ನಮ್ಮಲ್ಲಿ ಉತ್ತರಕ್ರಿಯೆಯ ಊಟದ ದಿನ, ಅಂಗಳದಲ್ಲಿ ಶಾಮಿಯಾನ ಹಾಕಿ ಊರಿಗೆಲ್ಲ ಬಡಿಸಿದೆವು. ಜನ ಉಂಡು ಕರಗಿದ ಮೇಲೆ ಹೆಂಗಸರು ಪಾತ್ರೆ ತೊಳೆಯಲು ಹಿಂದೆ ಹೋದರು. ಅಮ್ಮ ಒಂದು ಮೂಲೆಯಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು. ಅಷ್ಟೂ ದಿನ ಅತ್ತೆ ಒಮ್ಮೆಯೂ ಅತ್ತಿರಲಿಲ್ಲ. ಎಲ್ಲರೂ ಅದನ್ನೇ ಪಿಸುಗುಟ್ಟುತ್ತಿದ್ದರು. ಹೊಟ್ಟೆಗೂ ಸರಿಯಾಗಿ ಹಾಕಿಕೊಂಡಿರಲಿಲ್ಲ. ನಾನು ಬಟ್ಟಲಿಗೆ ಅನ್ನ ಬಡಿಸಿ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನಿನ್ನನ್ನು ಒಂದು ಕೇಳಬೇಕಿತ್ತು," ಎಂದರು. "ನೀನು ಮದ್ದು ತರುತ್ತೇನೆ ಅಂದಿದ್ದೆಯಂತೆ. ಅವರೇ ಬೇಡ ಅಂದರಂತೆ. ಹೋಗುವ ಮೊದಲು ನನ್ನ ಹತ್ತಿರ ಹೇಳಿದರು. ಶೈಲುವನ್ನು ಎಂತದ್ದೂ ಕೇಳಬೇಡ, ಅವಳು ಕೊಡ್ತೇನೆ ಅಂದಳು, ನನಗೇ ಸಾಕಾಯ್ತು ಅಂತ." ಅತ್ತೆಯ ದನಿ ಒಣಗಿತ್ತು. "ಯಾಕೆ ಬೇಡ ಅಂದರು? ಮಕ್ಕಳಿಲ್ಲ ಅಂತಲಾ? ನನ್ನೊಟ್ಟಿಗೆ ಇದ್ದದ್ದು ಸಾಕಾಯ್ತಾ? ನಾನು ಎಂತ ಕಮ್ಮಿ ಮಾಡಿದ್ದೆ ಅವರಿಗೆ?"

ಮಾವ ನನಗಾಗಿ ಕಟ್ಟಿಹೋದ ಗೋಡೆ ಅದು. ಅದರ ಹಿಂದೆ ನಾನು ಆರಾಮವಾಗಿ ಇರಬಹುದಿತ್ತು. ಸುಮ್ಮನಿದ್ದರೆ ಅತ್ತೆಗೆ ನಾನು ಕೊನೆಯವರೆಗೂ ಒಳ್ಳೆಯ ಹುಡುಗಿ. ಮಾವನೂ ಅದನ್ನೇ ಬಯಸಿದ್ದರು. ಆದರೆ ಗಂಡನಿಗೆ ತನ್ನ ಜೊತೆ ಬದುಕುವುದು ಬೇಡವಾಗಿತ್ತು ಎಂದು ನಂಬಿಕೊಂಡು ಆ ಹೆಂಗಸು ಆ ಮನೆಯಲ್ಲಿ ಒಬ್ಬರೇ ಇರಬೇಕಿತ್ತು.

"ಅವರು ಬೇಡ ಅನ್ನಲಿಲ್ಲ ಅತ್ತೆ," ಎಂದೆ. "ಕೊಡು ಅಂತ ಕೇಳಿದರು. ಒಂದು ಸಲ ಅಲ್ಲ, ಎರಡು ಸಲ. ಕೊಡದೆ ಇದ್ದದ್ದು ನಾನು. ಕೊಟ್ಟಿದ್ದರೆ ಆವತ್ತೇ ಹೋಗುತ್ತಿದ್ದರು ಅಂತ ಕೊಡಲಿಲ್ಲ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. "ಕೇಳಿದರಾ?"

"ಕೇಳಿದರು. ಕೈ ಚಾಚಿ ಕೇಳಿದರು. ನನಗೆ ಬದುಕಬೇಕು ಮಾರಾಯ್ತಿ ಅಂದರು."

ಆಗ ಅತ್ತೆ ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡು, ಒಲೆಯ ಪಕ್ಕ ಕುಸಿದು ಕುಳಿತು ಅತ್ತರು. "ಅವರಿಗೆ ಬದುಕಬೇಕು ಅಂತ ಇತ್ತು, ಇತ್ತು ಅವರಿಗೆ" ಎಂದು ಮತ್ತೆ ಮತ್ತೆ ಹೇಳಿಕೊಂಡರು. ನಾನು ಹತ್ತಿರ ಹೋಗಿ ಕುಳಿತೆ. ಬಹಳ ಹೊತ್ತಿನ ಮೇಲೆ ಅವರು ಕಣ್ಣು ಒರೆಸಿಕೊಂಡು, ಬಟ್ಟಲನ್ನು ಎಳೆದುಕೊಂಡು ಅನ್ನ ಕಲಸಿದರು. ಎರಡು ತುತ್ತು ತಿಂದರು. ಆಮೇಲೆ ನನ್ನ ಕಡೆ ನೋಡದೆ, ದನಿ ಎತ್ತದೆ ಹೇಳಿದರು:

"ನೀನು ಇನ್ನು ಈ ಮನೆಗೆ ಬರುವುದು ಬೇಡ, ಶೈಲು."

ನಾನು ಹೋಗಿಲ್ಲ.